ಅಮೆಜಾನ್ ಒಣಗುತ್ತಿದೆ, ಆ ಹೆಂಗಸರು ಹೇಳುತ್ತಿದ್ದುದೂ ಇದನ್ನೇ

2024ರ ಕೊನೆಯ ನಾಲ್ಕು ತಿಂಗಳು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶ ಕತ್ತಲೆಯಲ್ಲಿ ಕಳೆಯಿತು. ಕೆಲವು ಕಡೆ ದಿನಕ್ಕೆ 14 ಗಂಟೆ ಕರೆಂಟ್ ಇರಲಿಲ್ಲ. ಆ ದೇಶದ ವಿದ್ಯುತ್ತಿನ ಬಹುಪಾಲು ಬರುವುದು ನೀರಿನಿಂದ. ಆಂಡಿಸ್ ಪರ್ವತದ ಪೂರ್ವದ ಇಳಿಜಾರಿನ ನದಿಗಳು ಸೊರಗಿ, ಜಲಾಶಯಗಳ ತಳ ಕಾಣುತ್ತಿತ್ತು. ಅದೇ ಅಕ್ಟೋಬರಿನಲ್ಲಿ ಬ್ರೆಜಿಲ್‌ನ ಮನೌಸ್ ನಗರದ ಬಳಿ ರಿಯೊ ನೀಗ್ರೊ ನದಿ, 1902ರಿಂದ ಅಳತೆ ಇಟ್ಟುಕೊಂಡು ಬಂದವರು ಎಂದೂ ಕಾಣದಷ್ಟು ಕೆಳಕ್ಕೆ ಇಳಿಯಿತು. ಅದು ಮುರಿದ ದಾಖಲೆ ಹಳೆಯದೇನಲ್ಲ, ಹಿಂದಿನ ವರ್ಷದ್ದೇ. ಆ 2023ರಲ್ಲಿ ಟೆಫೆ ಸರೋವರದ ನೀರು 39 ಡಿಗ್ರಿ ಸೆಲ್ಸಿಯಸ್ ದಾಟಿ, ನೂರಕ್ಕೂ ಹೆಚ್ಚು ಡಾಲ್ಫಿನ್‌ಗಳು ಸತ್ತು ತೇಲಿದ್ದವು.

ಇದೆಲ್ಲ ಎಲ್ ನಿನೊ ಮಾಡಿದ್ದು, ಹೋಗುತ್ತದೆ ಬಿಡಿ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. 2023ರ ಬರವನ್ನು ಲೆಕ್ಕ ಹಾಕಿ ನೋಡಿದ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡ, ಎಲ್ ನಿನೊಗಿಂತ ಮನುಷ್ಯರಿಂದಾದ ತಾಪ ಏರಿಕೆಯೇ ಅದಕ್ಕೆ ಮುಖ್ಯ ಕಾರಣ ಎಂದಿತು. ಮಣ್ಣಿನ ತೇವ ಆ ಮಟ್ಟಕ್ಕೆ ಆರುವ ಸಂಭವ ತಾಪ ಏರಿಕೆಯಿಂದ ಸುಮಾರು 30 ಪಟ್ಟು ಹೆಚ್ಚಿದೆ ಎಂಬುದು ಅವರ ಅಂದಾಜು.

ಅಮೆಜಾನ್ ಕಾಡು ಮಳೆಯಿಂದ ಬದುಕುತ್ತದೆ ಎಂಬುದು ಅರ್ಧ ಮಾತ್ರ ನಿಜ. ಉಳಿದರ್ಧ, ಆ ಮಳೆಯನ್ನು ಕಾಡೇ ಮಾಡಿಕೊಳ್ಳುತ್ತದೆ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುವ ಗಾಳಿ ತೇವ ಹೊತ್ತು ತರುತ್ತದೆ, ಅದು ಮಳೆಯಾಗಿ ಸುರಿಯುತ್ತದೆ, ಮರಗಳು ಬೇರಿನಿಂದ ನೀರು ಎಳೆದು ಎಲೆಗಳಿಂದ ಮತ್ತೆ ಗಾಳಿಗೆ ಬಿಡುತ್ತವೆ, ಆ ಆವಿ ಇನ್ನಷ್ಟು ಪಶ್ಚಿಮಕ್ಕೆ ಸಾಗಿ ಮತ್ತೆ ಮಳೆಯಾಗುತ್ತದೆ. ಆಂಡಿಸ್ ಮುಟ್ಟುವಷ್ಟರಲ್ಲಿ ಒಂದೇ ನೀರು ಐದಾರು ಬಾರಿ ಹೀಗೆ ಬಿದ್ದು ಎದ್ದಿರುತ್ತದೆ. ಬ್ರೆಜಿಲ್‌ನ ವಿಜ್ಞಾನಿ ಎನೆಯಸ್ ಸಲಾಟಿ 1970ರ ದಶಕದಲ್ಲಿ ಮಳೆನೀರಿನ ಐಸೋಟೋಪುಗಳನ್ನು ಪರೀಕ್ಷಿಸಿ, ಅಮೆಜಾನ್ ಮಳೆಯ ಸುಮಾರು ಅರ್ಧದಷ್ಟು ಕಾಡು ತಾನೇ ಮರಳಿ ಕೊಟ್ಟ ನೀರು ಎಂದು ತೋರಿಸಿಕೊಟ್ಟರು. ಹಾಗಾಗಿ ಪೂರ್ವದಲ್ಲಿ ಬಿದ್ದ ಕೊಡಲಿಯ ಪೆಟ್ಟು ಸಾವಿರಾರು ಕಿಲೋಮೀಟರ್ ಆಚೆ ಪಶ್ಚಿಮದ ಜಲಾಶಯಕ್ಕೂ ತಗಲುತ್ತದೆ.

ಈ ಸರಪಳಿ ಯಾವ ಹಂತದಲ್ಲಿ ಕಡಿದು ಬೀಳುತ್ತದೆ? ವಿಜ್ಞಾನಿಗಳಾದ ಥಾಮಸ್ ಲವ್‌ಜಾಯ್ ಮತ್ತು ಕಾರ್ಲೋಸ್ ನೋಬ್ರೆ 2018ರಲ್ಲಿ ಒಂದು ಗಡಿ ಹೇಳಿದರು: ಶೇ. 20ರಿಂದ 25ರಷ್ಟು ಕಾಡು ನಾಶವಾದರೆ, ತಾಪ ಏರಿಕೆ ಮತ್ತು ಬೆಂಕಿಯೂ ಸೇರಿ, ಪೂರ್ವ, ದಕ್ಷಿಣ ಮತ್ತು ಮಧ್ಯ ಅಮೆಜಾನ್‌ನ ದೊಡ್ಡ ಭಾಗ ಒಣ ಹುಲ್ಲುಗಾಡಿನ ಸ್ಥಿತಿಗೆ ಜಾರಬಹುದು. ಆಗಲೇ ಸುಮಾರು ಶೇ. 17 ಹೋಗಿತ್ತು. ಈ ಗಡಿ ಎಲ್ಲಿದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಇದೆ, ಇಡೀ ಕಾಡು ಒಮ್ಮೆಗೇ ಕುಸಿಯುತ್ತದೆ ಎಂಬುದನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಕಾಡು ಯಾವ ದಿಕ್ಕಿಗೆ ಹೊರಟಿದೆ ಎಂಬುದರಲ್ಲಿ ತಕರಾರಿಲ್ಲ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಲೂಸಿಯಾನಾ ಗಟ್ಟಿ ಮತ್ತು ಸಂಗಡಿಗರು 2010ರಿಂದ 2018ರವರೆಗೆ ಸಣ್ಣ ವಿಮಾನಗಳಲ್ಲಿ ಕಾಡಿನ ಮೇಲೆ ಹಾರುತ್ತ, ಬೇರೆ ಬೇರೆ ಎತ್ತರದ ಗಾಳಿಯನ್ನು ಸೀಸೆಗಳಲ್ಲಿ ತುಂಬಿ ತಂದು ಅಳೆದರು. 2021ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಆಗ್ನೇಯ ಅಮೆಜಾನ್ ಈಗ ಇಂಗಾಲ ಹೀರುವ ಕಾಡಲ್ಲ, ಇಂಗಾಲ ಉಗುಳುವ ಕಾಡು. ಮರುವರ್ಷದ ಉಪಗ್ರಹ ಅಧ್ಯಯನವೊಂದು, ಈ ಶತಮಾನದ ಆರಂಭದಿಂದ ಅಮೆಜಾನ್‌ನ ಮುಕ್ಕಾಲು ಭಾಗಕ್ಕೂ ಹೆಚ್ಚು ಕಾಡು ಪೆಟ್ಟು ತಿಂದಮೇಲೆ ಚೇತರಿಸಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತ ಬಂದಿದೆ ಎಂದಿತು. 2024ರಲ್ಲಿ ಬಂದ ಇನ್ನೊಂದು ಲೆಕ್ಕದಂತೆ, 2050ರ ಹೊತ್ತಿಗೆ ಶೇ. 10ರಿಂದ 47ರಷ್ಟು ಕಾಡು ಇಂಥ ಬದಲಾವಣೆಗೆ ದೂಡಬಲ್ಲ ಒತ್ತಡಗಳಿಗೆ ಒಟ್ಟೊಟ್ಟಿಗೆ ಸಿಲುಕಲಿದೆ.

ಬ್ರೆಜಿಲ್‌ನಲ್ಲಿ ಕಾಡು ಕಡಿಯುವುದು ಇತ್ತೀಚೆಗೆ ತಗ್ಗಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. 2021ರಲ್ಲಿ 13,000 ಚದರ ಕಿಲೋಮೀಟರ್ ಮೀರಿದ್ದ ಅಮೆಜಾನ್ ನಾಶ 2024ರಲ್ಲಿ ಅದರ ಅರ್ಧಕ್ಕಿಂತ ಕೆಳಗೆ ಬಂತು. ಸರ್ಕಾರ ಮನಸ್ಸು ಮಾಡಿದರೆ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಕೊಡಲಿ ಕೆಳಗಿಟ್ಟ ವರ್ಷವೇ ಬೆಂಕಿ ಎದ್ದಿತು. ಒಣಗಿದ ಕಾಡಿಗೆ ಕಡಿಯುವವರೇ ಬೇಕೆಂದಿಲ್ಲ.

ಉಪಗ್ರಹ ಚಿತ್ರಗಳು ಇನ್ನೊಂದು ವಿಷಯವನ್ನೂ ತೋರಿಸುತ್ತವೆ. ನೆಲದ ಬಳಕೆ ದಶಕಗಳಲ್ಲಿ ಬದಲಾದದ್ದನ್ನು ಗುರುತಿಸುವ ಬ್ರೆಜಿಲ್‌ನ ಮ್ಯಾಪ್‌ಬಯೋಮಾಸ್ ಜಾಲದ ಲೆಕ್ಕದಲ್ಲಿ, 1990ರಿಂದ 2020ರವರೆಗಿನ ಮೂವತ್ತು ವರ್ಷಗಳಲ್ಲಿ ಖಾಸಗಿ ಜಮೀನುಗಳ ಸಹಜ ಸಸ್ಯರಾಶಿ ಸುಮಾರು ಶೇ. 20 ನಾಶವಾಯಿತು. ಮೂಲನಿವಾಸಿಗಳ ನೆಲದಲ್ಲಿ ನಾಶವಾದದ್ದು ಸುಮಾರು ಶೇ. 1. ಅದೇ ದೇಶ, ಅದೇ ಮಳೆ, ಅದೇ ಮಾರುಕಟ್ಟೆ. ನೆಲದ ಮೇಲೆ ಯಾರ ಮಾತು ನಡೆಯುತ್ತದೆ ಎಂಬುದು ಮಾತ್ರ ಬೇರೆ. ಹಾಗಾಗಿ ಮೂಲನಿವಾಸಿಗಳ ಹಕ್ಕನ್ನು ದಯೆ ದಾಕ್ಷಿಣ್ಯದ ಸಂಗತಿಯೆಂದು ನಾನು ನೋಡಲಾರೆ. ಖಂಡವೊಂದರ ಮಳೆಯನ್ನು ಉಳಿಸುವ ಉಪಾಯಗಳಲ್ಲಿ ಇಷ್ಟು ಕಡಿಮೆ ಖರ್ಚಿನದು, ಇಷ್ಟು ಪರೀಕ್ಷೆಗೆ ಒಳಗಾದದ್ದು ನನಗೆ ಬೇರೆ ಕಾಣುವುದಿಲ್ಲ. ಆ ಹಕ್ಕಿಗಾಗಿ ಈಕ್ವೆಡಾರ್‌ನಲ್ಲಿ ಮುಂದೆ ನಿಂತವರು ಹೆಚ್ಚಾಗಿ ಹೆಂಗಸರು.

ಅಲ್ಲಿನ ಮೂಲನಿವಾಸಿಗಳಾದ ವಾವೊರಾನಿ ಜನ ಕೆಲವೇ ಸಾವಿರ. ಹೊರಜಗತ್ತಿನೊಂದಿಗೆ ಅವರ ಒಡನಾಟ ಶುರುವಾದದ್ದು 1950ರ ದಶಕದ ಕೊನೆಯಲ್ಲಿ, ಮಿಷನರಿಗಳ ಮೂಲಕ. 2018ರಲ್ಲಿ ಸರ್ಕಾರ ತನ್ನ ಪಾಲಿನ ಅಮೆಜಾನ್‌ನ ದಕ್ಷಿಣ ಭಾಗವನ್ನು ತೈಲ ಬ್ಲಾಕುಗಳಾಗಿ ಹರಾಜಿಗೆ ಇಟ್ಟಾಗ 22ನೇ ಬ್ಲಾಕು ಹೆಚ್ಚುಕಡಿಮೆ ಅವರ ನೆಲದ ಮೇಲೆಯೇ ಬಿತ್ತು. ಒಪ್ಪಿಗೆ 2012ರಲ್ಲೇ ಪಡೆದಿದ್ದೇವೆ ಎಂದಿತು ಸರ್ಕಾರ. ಅಂದರೆ ಅಧಿಕಾರಿಗಳು ಹಳ್ಳಿಗಳಿಗೆ ಹೋಗಿ, ಅಲ್ಪಸ್ವಲ್ಪ ಹೊತ್ತು ಕೂತು, ಹಿರಿಯರಿಗೆ ಅರ್ಥವಾಗದ ಭಾಷೆಯಲ್ಲಿ ವಿವರಿಸಿ ಹೊರಟುಬಂದಿದ್ದರು. ವಾವೊರಾನಿಗಳು ತಾವೇ ತಮ್ಮ ನೆಲದ ನಕಾಶೆ ತಯಾರಿಸಿದರು. ಸರ್ಕಾರದ ನಕಾಶೆಯಲ್ಲಿ ಖಾಲಿ ಹಸಿರು ಇದ್ದ ಕಡೆ ಬೇಟೆಯ ದಾರಿ, ಮದ್ದಿನ ಗಿಡ, ಮೀನು ಮೊಟ್ಟೆಯಿಡುವ ಮಡು, ಹಿರಿಯರನ್ನು ಹೂಳಿದ ಜಾಗ ಎಲ್ಲ ಕಾಣಿಸಿಕೊಂಡವು. ಪಾಸ್ತಾಸಾ ಪ್ರಾಂತ್ಯದ ವಾವೊರಾನಿ ಸಂಘಟನೆಯ ಮೊದಲ ಮಹಿಳಾ ಅಧ್ಯಕ್ಷೆ ನೆಮೊಂತೆ ನೆಂಕಿಮೊ ಅವರ ಮುಂದಾಳತ್ವದಲ್ಲಿ ಮೊಕದ್ದಮೆ ಹೂಡಿದರು. 2019ರ ಮಾರ್ಚಿನಲ್ಲಿ ಪುಯೊ ಪಟ್ಟಣದ ಕೋರ್ಟಿನಲ್ಲಿ ವಿಚಾರಣೆ ಶುರುವಾದಾಗ, ಸಮುದಾಯ ಒಪ್ಪಿದ ದುಭಾಷಿ ಇಲ್ಲವೆಂದು ವಾವೊರಾನಿ ಹೆಂಗಸರು ಎದ್ದು ನಿಂತು ತಮ್ಮ ಹಾಡು ಶುರುಮಾಡಿದರು. ಹಾಡು ನಿಲ್ಲಲಿಲ್ಲ, ವಿಚಾರಣೆಯೇ ನಿಂತಿತು. ಏಪ್ರಿಲ್ 26ರಂದು ತೀರ್ಪು ಬಂತು: 2012ರ ಸಮಾಲೋಚನೆ ಕಾನೂನಿನಂತೆ ನಡೆದಿಲ್ಲ. ಸುಮಾರು 1,80,000 ಹೆಕ್ಟೇರ್ ಕಾಡು ಹರಾಜಿನಿಂದ ಪಾರಾಯಿತು. ಮೇಲ್ಮನವಿಯಲ್ಲೂ ತೀರ್ಪು ನಿಂತಿತು.

ಹೆಂಗಸರು ಹುಟ್ಟಿನಿಂದಲೇ ಪ್ರಕೃತಿಪ್ರಿಯರು ಎಂಬ ಸವಿಮಾತು ನನಗೆ ಒಪ್ಪಿಗೆಯಿಲ್ಲ. ಅದು ಅವರ ಬುದ್ಧಿಯನ್ನೂ ಹೋರಾಟದ ಶ್ರಮವನ್ನೂ ಮರೆಸಿಬಿಡುತ್ತದೆ. ಕಾರಣ ಇನ್ನೂ ಸರಳವಾಗಿದೆ. ಮರಗೆಣಸಿನ ತೋಟ ಅವರದು, ಹೊಳೆಯ ನೀರು ತರುವವರು ಅವರು, ಮೈಮೇಲೆ ಗುಳ್ಳೆ ಎದ್ದ ಮಗುವನ್ನು ಎತ್ತಿಕೊಂಡು ಓಡುವವರು ಅವರು. ತೈಲ ಕಂಪನಿ ಕೊಡುವ ಕೂಲಿ ಹೆಚ್ಚಾಗಿ ಗಂಡಸರ ಕೈಗೆ, ಹೊಳೆಗೆ ಬಿದ್ದ ಎಣ್ಣೆ ಇವರ ಪಾತ್ರೆಗೆ. ಲಾಭನಷ್ಟದ ಲೆಕ್ಕ ಅವರಿಗೆ ಬೇಗ ತಿಳಿದದ್ದು ಹಾಗೆ. 2020ರ ಏಪ್ರಿಲಿನಲ್ಲಿ ಕೋಕಾ ನದಿಯ ದಂಡೆ ಕುಸಿದು ಪೈಪ್‌ಲೈನ್ ಒಡೆದಾಗ 15,000 ಬ್ಯಾರಲ್‌ಗೂ ಹೆಚ್ಚು ಕಚ್ಚಾ ತೈಲ ಮೂಲನಿವಾಸಿ ಕಿಚ್ವಾ ಜನರ ನೀರಿಗೆ ಸೇರಿತು. ಕೊರೊನಾಕ್ಕೆ ಕೈ ತೊಳೆಯಿರಿ ಎಂದು ಜಗತ್ತಿಗೆಲ್ಲ ಸಾರುತ್ತಿದ್ದ ತಿಂಗಳದು.

ಕೋರ್ಟಿನಲ್ಲಿ ಗೆದ್ದದ್ದು ನೆಲದಲ್ಲಿ ಸೋಲುತ್ತಿದೆ. ನನ್ನ ಭಯ ಇರುವುದು ಇಲ್ಲಿ. ಬೊಬೊನಾಸಾ ನದಿಯ ಸಾರಾಯಾಕು ಹಳ್ಳಿಯ ಮೊಕದ್ದಮೆಯಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ 2012ರಲ್ಲಿ ಜನರ ಪರ ತೀರ್ಪು ಕೊಟ್ಟಿತು. ತೈಲ ಹುಡುಕಲು ಅವರ ಕಾಡಿನಲ್ಲಿ ಹೂತಿದ್ದ ಸುಮಾರು 1,400 ಕಿಲೋ ಸಿಡಿಮದ್ದನ್ನು ತೆಗೆಯಬೇಕೆಂದು ಹೇಳಿತು. ಹತ್ತು ವರ್ಷ ಕಳೆದರೂ ಬಹುಪಾಲು ಮಣ್ಣಿನಲ್ಲೇ ಇತ್ತು. ಆ ಹಳ್ಳಿಯ ಪರ ದನಿಯೆತ್ತಿದ ಪ್ಯಾಟ್ರಿಸಿಯಾ ಗ್ವಾಲಿಂಗಾ ಮನೆಯ ಮೇಲೆ 2018ರ ಜನವರಿಯ ಒಂದು ರಾತ್ರಿ ಕಲ್ಲು ಬಿತ್ತು, ಕೊಲ್ಲುವ ಬೆದರಿಕೆಯೂ ಬಂತು. ತೈಲಬಾವಿಗಳ ಬಳಿ ಹಗಲಿರುಳು ಉರಿಯುವ ಅನಿಲದ ಜ್ವಾಲೆಗಳ ವಿರುದ್ಧ ಒಂಬತ್ತು ಹುಡುಗಿಯರು ದಾವೆ ಹೂಡಿ 2021ರಲ್ಲಿ ಗೆದ್ದರು. ಊರ ಬಳಿಯ ಜ್ವಾಲೆಗಳನ್ನು ಆರಿಸಲು ಕೊಟ್ಟ ಗಡುವು ಮುಗಿದಮೇಲೂ ಅವು ಉರಿಯುತ್ತಿದ್ದವು.

ಯಾಸುನಿಯ ಕಥೆ ಎಲ್ಲಕ್ಕಿಂತ ದೊಡ್ಡದು. ಹೊರಗಿನವರ ಸಂಪರ್ಕವನ್ನೇ ಬೇಡವೆಂದಿರುವ ತಗಾಯೆರಿ ಮತ್ತು ತರೊಮೆನಾನೆ ಜನ ಈ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿದ್ದಾರೆ. ಅದರ ಅಡಿಯ ತೈಲವನ್ನು ಅಲ್ಲೇ ಬಿಡುತ್ತೇವೆ, ಬದಲಿಗೆ ಜಗತ್ತು 360 ಕೋಟಿ ಡಾಲರ್ ಕೊಡಲಿ ಎಂದು ಈಕ್ವೆಡಾರ್ 2007ರಲ್ಲಿ ಕೇಳಿತ್ತು. ಕೈಗೆ ಬಂದದ್ದು ಸುಮಾರು 1.3 ಕೋಟಿ. 2013ರಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅದೇ ವರ್ಷ ವಾವೊರಾನಿ ನಾಯಕಿ ಅಲಿಸಿಯಾ ಕವಿಯಾ ಸಂಸತ್ತಿನಲ್ಲಿ ನಿಂತು ತಮ್ಮ ಜನರನ್ನು ಯಾರೂ ಕೇಳಲಿಲ್ಲ ಎಂದು ವಿರೋಧಿಸಿದರು. ಹತ್ತು ವರ್ಷದ ನಂತರ, 2023ರ ಆಗಸ್ಟ್ 20ರಂದು, ದೇಶವೇ ಮತ ಹಾಕಿತು: ಸುಮಾರು ಶೇ. 59 ಜನ ತೈಲ ನೆಲದಲ್ಲೇ ಇರಲಿ ಎಂದರು. ಎಲ್ಲರೂ ಒಂದೇ ದನಿಯಲ್ಲಿ ಹೇಳಲಿಲ್ಲ. ಹೊಟ್ಟೆಪಾಡಿಗೆ ತೈಲವನ್ನೇ ನಂಬಿದ ಪ್ರಾಂತ್ಯಗಳಲ್ಲಿ ವಿರೋಧ ಹೆಚ್ಚಿತ್ತು, ವಾವೊರಾನಿಗಳಲ್ಲೇ ಕೆಲವರು ಬಾವಿ ಮುಚ್ಚುವುದು ಬೇಡವೆಂದರು. ಅವರನ್ನು ದೂರುವಂತಿಲ್ಲ. ಶಾಲೆ, ಆಸ್ಪತ್ರೆ, ಕೂಲಿ ಎಲ್ಲವನ್ನೂ ತೈಲ ಕಂಪನಿಯ ಬಾಗಿಲಲ್ಲೇ ಹುಡುಕಬೇಕಾದ ಸ್ಥಿತಿ ತಂದಿಟ್ಟದ್ದು ಆಳುವವರು. ಆದರೂ ಮತ ಮತವೇ. ಒಂದು ವರ್ಷದೊಳಗೆ ಬಾವಿಗಳನ್ನು ಮುಚ್ಚಬೇಕಿತ್ತು. ಗಡುವು ಮುಗಿಯುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಬಾವಿಗಳಲ್ಲಿ ಮುಚ್ಚಲು ಕೈಹಾಕಿದ್ದು ಒಂದಕ್ಕೆ, ಉಳಿದದ್ದು 2029ಕ್ಕೆ ಎಂದಾಯಿತು. 2025ರ ಮಾರ್ಚಿನಲ್ಲಿ ಆ ಮಾನವ ಹಕ್ಕು ನ್ಯಾಯಾಲಯ ಜನಮತವನ್ನು ಜಾರಿಮಾಡಿ ಎಂದು ಆದೇಶಿಸಿತು. ಕೆಲವೇ ತಿಂಗಳಲ್ಲಿ ಈಕ್ವೆಡಾರ್ ಸರ್ಕಾರ ತನ್ನ ಪರಿಸರ ಸಚಿವಾಲಯವನ್ನು ಇಂಧನ ಮತ್ತು ಗಣಿ ಸಚಿವಾಲಯದೊಳಗೆ ಸೇರಿಸಿಬಿಟ್ಟಿತು.

ಬ್ರೆಜಿಲ್‌ನಲ್ಲೂ ಹಗ್ಗಜಗ್ಗಾಟ ಹೀಗೆಯೇ ಇದೆ. 2023ರಲ್ಲಿ ಸೋನಿಯಾ ಗ್ವಾಜಜಾರಾ ದೇಶದ ಮೊದಲ ಮೂಲನಿವಾಸಿ ವ್ಯವಹಾರಗಳ ಸಚಿವೆಯಾದರು. 1988ರಲ್ಲಿ ತಾವಿದ್ದ ನೆಲವನ್ನು ಮಾತ್ರ ಮೂಲನಿವಾಸಿಗಳು ಕೇಳಬಹುದು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಡಿಸೆಂಬರಿನೊಳಗೆ ಸಂಸತ್ತು ಅದೇ ವಾದವನ್ನು ಕಾನೂನು ಮಾಡಿತು. ಹಣದ ವಿಷಯ ಕೇಳುವುದೇ ಬೇಡ: ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಮೂಲನಿವಾಸಿಗಳಿಗೆಂದು ಘೋಷಿಸಿದ 170 ಕೋಟಿ ಡಾಲರ್‌ನಲ್ಲಿ ಮೊದಲ ವರ್ಷ ನೇರವಾಗಿ ಅವರ ಸಂಘಟನೆಗಳಿಗೆ ತಲುಪಿದ್ದು ವಿತರಿಸಿದ ಮೊತ್ತದ ಶೇ. 7 ಮಾತ್ರ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಅಮೆಜಾನ್‌ನ ವಿಷಯದಲ್ಲಿ ಬಾಗಿಲು ಹಾಕಿ ಕೀಲಿಯನ್ನೂ ಕೈಗಿತ್ತವರು ಈ ಹೆಂಗಸರು. ಆಳುವವರು ಅದನ್ನು ಮತ್ತೆ ತೆರೆಯುತ್ತಿದ್ದಾರೆ. ಒಮ್ಮೆ ಮಳೆಯ ಸರಪಳಿ ಕಡಿದರೆ ಅಷ್ಟು ಮರಗಳನ್ನು ಯಾವ ನೆಡುತೋಪೂ ಮರಳಿ ತರಲಾರದು, ಆ ಮಣ್ಣಿನಲ್ಲಿ ಮರದಲ್ಲಿ ಹುದುಗಿರುವ 15,000 ಕೋಟಿ ಟನ್‌ಗೂ ಮಿಕ್ಕ ಇಂಗಾಲದ ದೊಡ್ಡ ಪಾಲು ಗಾಳಿಗೆ ಬಿಡುಗಡೆಯಾಗುತ್ತದೆ. ಆಗ ಬಿಸಿಯಾಗುವುದು ಈಕ್ವೆಡಾರ್‌ನ ಗಾಳಿ ಮಾತ್ರವಲ್ಲ.

ಕಾಡು ಮಳೆ ಕೊಡುವುದು ಅಲ್ಲಿ ಮಾತ್ರವೂ ಅಲ್ಲ. ಬಾಂಬೆ ಐಐಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂಗಾರಿನಲ್ಲಿ ತಮಿಳುನಾಡಿನ ಮೇಲೆ ಬೀಳುವ ಮಳೆಗೆ ಶೇ. 25ರಿಂದ 40ರಷ್ಟು ತೇವ ಕೊಡುವುದು ಪಶ್ಚಿಮಘಟ್ಟದ ಗಿಡಮರಗಳು. ಕಾವೇರಿ ನೀರಿಗಾಗಿ ಎರಡು ರಾಜ್ಯ ಜಗಳವಾಡುವಾಗ ಕೊಡಗಿನ, ಮಲೆನಾಡಿನ ಕಾಡು ಕಟಕಟೆಗೆ ಬರುವುದೇ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಆದರೆ ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಇದೆಯೇ ಎಂದು ಕೇಂದ್ರ ನೋಡಬೇಕೆಂಬ ಕಟ್ಟುಪಾಡು 2022ರ ನಿಯಮಗಳಲ್ಲಿ ಸಡಿಲವಾಯಿತು, ಹೊಣೆ ರಾಜ್ಯದ ಹೆಗಲಿಗೆ ಬಿತ್ತು. ಪುಯೊ ಕೋರ್ಟಿನಲ್ಲಿ ಬಿದ್ದುಹೋದದ್ದೂ ಇಂಥದೇ ಕಾಗದದ ಒಪ್ಪಿಗೆ.

ಅರಣ್ಯ ಹಕ್ಕು ಕಾಯ್ದೆಯ ನಿಯಮ ಇನ್ನೂ ಜೀವಂತ ಇದೆ. 2012ರ ತಿದ್ದುಪಡಿಯಂತೆ ಆ ಗ್ರಾಮಸಭೆಗೆ ಸದಸ್ಯರ ಅರ್ಧದಷ್ಟಾದರೂ ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ನಿಮ್ಮ ತಾಲ್ಲೂಕಿನ ಕಾಡಂಚಿನ ಊರೊಂದರಲ್ಲಿ ಅಣೆಕಟ್ಟಿಗೋ ಗಣಿಗೋ ರಸ್ತೆಗೋ ಗ್ರಾಮಸಭೆ ಒಪ್ಪಿದೆ ಎಂಬ ಸುದ್ದಿ ಬಂದರೆ, ನಡಾವಳಿ ಪುಸ್ತಕದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಿರಿ, ಹೆಂಗಸರ ಸಹಿ ಎಷ್ಟಿದೆ ಎಂದು ಎಣಿಸಿ. ಮೂರನೇ ಒಂದು ಭಾಗ ಇಲ್ಲದಿದ್ದರೆ ಅದು ಕೋರಂ ಇಲ್ಲದ ಸಭೆ, ಆ ಒಪ್ಪಿಗೆ ಊರ್ಜಿತವಲ್ಲ ಎಂದು ಜಿಲ್ಲಾಧಿಕಾರಿಗೆ ಬರೆದು ಕೊಡಿ.