ಬಾಣಂತಿ ಇಲಿಯ ಮುಂದೆ ಕೊಕೇನ್

ಇನ್ನೂ ಹೆರದ ಹೆಣ್ಣಿಲಿಯ ಪಂಜರದೊಳಗೆ ಆಗತಾನೆ ಹುಟ್ಟಿದ ಮರಿಗಳನ್ನು ಬಿಟ್ಟರೆ ಅದು ಮೂಲೆಗೆ ಸರಿಯುತ್ತದೆ. ಕೂದಲಿಲ್ಲದ, ಕಣ್ಣು ತೆರೆಯದ ಆ ಕೆಂಪು ಜೀವಗಳ ವಾಸನೆಯೇ ಅದಕ್ಕೆ ಆಗದು. ಅದೇ ಇಲಿ ಬಸುರಾಗಿ, ಮೂರು ವಾರ ಕಳೆದು ಹೆತ್ತ ಮೇಲೆ ನೋಡಬೇಕು. ಚೆದುರಿಹೋದ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಹಿಡಿದು ಗೂಡಿಗೆ ತರುತ್ತದೆ, ಮೈಯೆಲ್ಲ ನೆಕ್ಕುತ್ತದೆ, ಬೆನ್ನು ಬಾಗಿಸಿ ನಿಂತು ಹಾಲೂಡುತ್ತದೆ. 1960ರ ದಶಕದ ಕೊನೆಯಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಸನ್ನೆಯೊಂದನ್ನು ಒತ್ತಿದರೆ ಒಂದು ಮರಿ ಸಿಗುವಂತೆ ಏರ್ಪಾಡು ಮಾಡಿದ್ದರು. ಬಾಣಂತಿ ಇಲಿಗಳು ಗಂಟೆಗಟ್ಟಲೆ ಒತ್ತುತ್ತಲೇ ಇದ್ದವು, ನೂರಾರು ಸಲ.

ಈ ಬದಲಾವಣೆ ಎಲ್ಲಿಂದ ಬಂತು? ಬಸುರಿನ ಕೊನೆಯ ದಿನಗಳಲ್ಲಿ ಪ್ರೊಜೆಸ್ಟರಾನ್ ಇಳಿಯುತ್ತದೆ, ಈಸ್ಟ್ರೋಜನ್ ಏರುತ್ತದೆ, ಹೆರಿಗೆಯ ಹೊತ್ತಿಗೆ ಆಕ್ಸಿಟೋಸಿನ್ ಉಕ್ಕುತ್ತದೆ. 1979ರಲ್ಲಿ ಕಾರ್ಟ್ ಪೆಡರ್ಸನ್ ಮತ್ತು ಆರ್ಥರ್ ಪ್ರೇಂಜ್ ಎಂಬ ಅಮೆರಿಕದ ಸಂಶೋಧಕರು ಹೆರದ ಇಲಿಗಳ ಮಿದುಳಿಗೆ ಆಕ್ಸಿಟೋಸಿನ್ ಕೊಟ್ಟಾಗ ಅವುಗಳಲ್ಲಿ ಹಲವು ತಮ್ಮದಲ್ಲದ ಮರಿಗಳನ್ನೂ ಸಾಕಲು ತೊಡಗಿದವು. ಹೈಪೋಥಲಮಸ್‌ನ ಮುಂಭಾಗದಲ್ಲಿ ಮೀಡಿಯಲ್ ಪ್ರಿಆಪ್ಟಿಕ್ ಪ್ರದೇಶ ಎಂಬ ಪುಟ್ಟ ಜಾಗವಿದೆ. ಹಾರ್ಮೋನುಗಳು ಅದನ್ನು ಎಚ್ಚರಗೊಳಿಸುತ್ತವೆ. ಅದು ನಡುಮಿದುಳಿಗೆ ಸುದ್ದಿ ಕಳಿಸುತ್ತದೆ. ಅಲ್ಲಿನ ನರಕೋಶಗಳು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಕೇಂದ್ರಕ್ಕೆ ಡೋಪಮಿನ್ ಸುರಿಸುತ್ತವೆ. ‘ಇದು ಬೇಕು, ಮತ್ತೆ ಬೇಕು’ ಎಂಬ ಸೆಳೆತ ಹುಟ್ಟುವುದು ಅಲ್ಲಿ. ತಾಯ್ತನದ ವಾತ್ಸಲ್ಯಕ್ಕೆ ಮಿದುಳು ಹೊಸ ದಾರಿಯನ್ನೇನೂ ಕಡಿಯಲಿಲ್ಲ. ಹಸಿವು, ಬಾಯಾರಿಕೆ, ಕೂಡುವ ಬಯಕೆ ಓಡಾಡುವ ಹಳೆಯ ದಾರಿಯಲ್ಲೇ ಮರಿಗಳಿಗೂ ಜಾಗ ಮಾಡಿಕೊಟ್ಟಿತು.

ಮಾದಕ ವಸ್ತು ನುಗ್ಗುವುದೂ ಇದೇ ದಾರಿಯಲ್ಲಿ. ಚೆಲ್ಲಿದ ಡೋಪಮಿನ್ ಅನ್ನು ನರಕೋಶಗಳು ಸ್ವಲ್ಪ ಹೊತ್ತಿನಲ್ಲೇ ಹಿಂದಕ್ಕೆ ಹೀರಿಕೊಳ್ಳಬೇಕು. ಕೊಕೇನ್ ಅದನ್ನು ತಡೆಯುತ್ತದೆ. ಹೆರಾಯಿನ್ ಡೋಪಮಿನ್ ಕೋಶಗಳಿಗೆ ಹಾಕಿದ ಕಡಿವಾಣವನ್ನೇ ಸಡಿಲಿಸುತ್ತದೆ. ಪದೇ ಪದೇ ಹೀಗಾದಾಗ ಕೇಂದ್ರ ಮಂಕಾಗುತ್ತದೆ. ಸಣ್ಣಪುಟ್ಟ ಸುಖಗಳು ಅದನ್ನು ತಟ್ಟುವುದಿಲ್ಲ.

ಹಾಗಾದರೆ ಮರಿ ಮತ್ತು ಕೊಕೇನ್ ಎದುರಾದರೆ ಯಾವುದು ಗೆದ್ದೀತು? 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ, ನನ್ನ ಮಟ್ಟಿಗೆ, ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಮನಕಲಕುವಂಥದು. ಜೋನ್ ಮೊರೆಲ್ ಅವರ ತಂಡ ಬಾಣಂತಿ ಇಲಿಗಳಿಗೆ ಒಂದು ಕೋಣೆಯಲ್ಲಿ ಮರಿಗಳ ಸಂಗವನ್ನೂ ಇನ್ನೊಂದರಲ್ಲಿ ಕೊಕೇನ್ ಅನುಭವವನ್ನೂ ಕೊಟ್ಟಿತು. ಆಮೇಲೆ ಎರಡನ್ನೂ ತೆಗೆದು, ಖಾಲಿ ಕೋಣೆಗಳ ನಡುವೆ ಇಲಿಯನ್ನು ಬಿಟ್ಟರು. ಹೆತ್ತು ಎಂಟನೆಯ ದಿನ ಹೆಚ್ಚಿನ ಇಲಿಗಳು ಹೋಗಿ ಕೂತದ್ದು ಮರಿಗಳಿದ್ದ ಕೋಣೆಯಲ್ಲಿ. ಹದಿನಾರನೆಯ ದಿನದ ಹೊತ್ತಿಗೆ ಹೆಚ್ಚಿನವು ಕೊಕೇನಿನ ಕೋಣೆಗೆ ಹೋದವು. 2005ರಲ್ಲಿ ಕ್ರೇಗ್ ಫೆರಿಸ್ ಮತ್ತು ಸಂಗಡಿಗರು ಎಚ್ಚರವಿದ್ದ ಇಲಿಗಳ ಮಿದುಳನ್ನೇ ಸ್ಕ್ಯಾನ್ ಮಾಡಿದರು. ಮರಿಗಳು ಮೊಲೆ ಚೀಪುವಾಗ ಎಳೆಬಾಣಂತಿಯ ಡೋಪಮಿನ್ ಜಾಲ ಜಾಗೃತವಾಯಿತು. ಕೊಕೇನ್ ಕೊಟ್ಟಾಗ ಅದೇ ಜಾಲ ತಗ್ಗಿತು. ಹೆರದ ಇಲಿಗಳಲ್ಲಿ ಕೊಕೇನ್ ಅದನ್ನು ಕೆರಳಿಸಿತ್ತು. ಅಂದರೆ, ಹೆತ್ತ ಮೊದಲ ದಿನಗಳಲ್ಲಿ ಮರಿಗಳ ಸೆಳೆತಕ್ಕೆ ಕೊಕೇನನ್ನೂ ಹಿಂದಿಕ್ಕುವ ಬಲವಿದೆ. ಆದರೆ ಬಸುರಿನುದ್ದಕ್ಕೂ ಕೊಕೇನ್ ಕೊಟ್ಟ ಇಲಿಗಳ ಕಥೆ ಬೇರೆ. ಜೋಸೆಫೀನ್ ಜಾನ್ಸ್ ಅವರ ಪ್ರಯೋಗಗಳಲ್ಲಿ ಅಂಥ ತಾಯಂದಿರು ಮರಿಗಳ ಆರೈಕೆಗೆ ತೊಡಗುವುದೇ ತಡವಾಯಿತು. ಮಿದುಳಿನ ಆಕ್ಸಿಟೋಸಿನ್ ಮಟ್ಟವೂ ಕುಸಿದಿತ್ತು.

ಮನುಷ್ಯ ತಾಯಿಯ ಮಿದುಳಲ್ಲೂ ಇದೇ ಜಾಲವಿದೆ. 2008ರಲ್ಲಿ ಲೇನ್ ಸ್ಟ್ರಾಥರ್ನ್ ಅವರ ತಂಡ ಹೂಸ್ಟನ್‌ನಲ್ಲಿ ಚೊಚ್ಚಲ ತಾಯಂದಿರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಮಕ್ಕಳ ಚಿತ್ರ ತೋರಿಸಿತು. ತನ್ನದೇ ಕೂಸು ನಗುವ ಮುಖ ಕಂಡಾಗ ತಾಯಿಯ ಡೋಪಮಿನ್ ಜಾಲ ಸ್ಪಂದಿಸಿತು. ವ್ಯಸನವಿದ್ದ ತಾಯಂದಿರಲ್ಲಿ ಈ ಸ್ಪಂದನ ತಗ್ಗಿರುವುದನ್ನು 2017ರಲ್ಲಿ ಸೋಹೆ ಕಿಮ್ ಮತ್ತು ಸ್ಟ್ರಾಥರ್ನ್ ವರದಿ ಮಾಡಿದರು. ಆಕೆಗೆ ಮಗು ಬೇಡವೆಂದು ಇದರಿಂದ ತಿಳಿಯಬಾರದು. ಮಗುವಿನ ನಗು ಆಕೆಗೆ ಮರಳಿ ಕೊಡಬೇಕಾದ ಸುಖ ಸಾಕಷ್ಟು ತಲುಪುತ್ತಿಲ್ಲ, ಅಷ್ಟೆ. ಇತ್ತ, ಗರ್ಭದಲ್ಲೇ ಹೆರಾಯಿನ್‌ನಂಥ ವಸ್ತುವಿಗೆ ಒಗ್ಗಿದ ಕೂಸಿಗೆ ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಅದು ನಿಂತುಹೋಗುತ್ತದೆ. ಕೂಸು ನಡುಗುತ್ತದೆ, ಮೊಲೆ ಹಿಡಿಯದು, ನಿದ್ದೆ ಮಾಡದು, ಕಿರಿಚಿ ಕಿರಿಚಿ ಅಳುತ್ತದೆ. ಅಮಲು ಇಳಿದಾಗ ತಾಯಿಯ ಮಿದುಳೂ ಒತ್ತಡದಲ್ಲಿ ಬಿಗಿದಿರುತ್ತದೆ. ಆ ಅಳು ಅವಳನ್ನು ಕೂಸಿನ ಕಡೆ ಕರೆಯುವ ಬದಲು ಕಂಗೆಡಿಸುತ್ತದೆ, ಆ ಕಂಗಾಲು ಮತ್ತೆ ಚಟದ ಕಡೆಗೇ ತಳ್ಳಬಹುದು.

ಇಂಥ ತಾಯಂದಿರನ್ನು ಸಮಾಜ ಕ್ರೂರವಾಗಿ ನಡೆಸಿಕೊಂಡಿದೆ. 1980ರ ದಶಕದಲ್ಲಿ ಅಮೆರಿಕದ ಪತ್ರಿಕೆಗಳು ‘ಕ್ರ್ಯಾಕ್ ಬೇಬಿ’ ಎಂದು ಕೂಗೆಬ್ಬಿಸಿ, ಗರ್ಭದಲ್ಲೇ ಕೊಕೇನ್ ಸೋಕಿದ ಮಕ್ಕಳ ಇಡೀ ತಲೆಮಾರೇ ಹಾಳಾಯಿತೆಂದು ಬರೆದವು. ಹಾಲಮ್ ಹರ್ಟ್ ಎಂಬ ಮಕ್ಕಳ ವೈದ್ಯೆ ಫಿಲಡೆಲ್ಫಿಯಾದಲ್ಲಿ 224 ಶಿಶುಗಳನ್ನು ಆಯ್ದುಕೊಂಡು ಎರಡು ದಶಕಕ್ಕೂ ಮೀರಿ ಅಧ್ಯಯನ ನಡೆಸಿದರು. ಗರ್ಭದಲ್ಲಿ ಕೊಕೇನ್ ಸೋಕಿದ ಮತ್ತು ಸೋಕದ ಮಕ್ಕಳ ನಡುವೆ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಇಬ್ಬರನ್ನೂ ಹಿಂದಕ್ಕೆಳೆದದ್ದು ಬಡತನ.

ಚಿಕಿತ್ಸೆಯ ದಿಕ್ಕೂ ಈಗ ಬದಲಾಗಿದೆ. ಬಸುರಿಯ ಓಪಿಯಾಯ್ಡ್ (ಹೆರಾಯಿನ್‌ನಂಥ ವಸ್ತು) ಚಟವನ್ನು ಏಕಾಏಕಿ ನಿಲ್ಲಿಸುವ ಬದಲು ವೈದ್ಯರು ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಟ್ಟು ಸ್ಥಿಮಿತಕ್ಕೆ ತರುತ್ತಾರೆ. ಹಿಂದೆ ನಡುಗುವ ಕೂಸನ್ನು ತೀವ್ರ ನಿಗಾ ಘಟಕಕ್ಕೆ ಒಯ್ದು, ಲಕ್ಷಣಗಳಿಗೆ ಅಂಕ ಹಾಕಿ, ಮಾರ್ಫಿನ್ ಹನಿ ಕೊಡುತ್ತಿದ್ದರು. ಯೇಲ್‌ನ ಮ್ಯಾಥ್ಯೂ ಗ್ರಾಸ್‌ಮನ್ ಮತ್ತು ಜೊತೆಗಾರರು ಮೂರೇ ಪ್ರಶ್ನೆ ಇಟ್ಟರು: ಕೂಸು ಹಾಲು ಕುಡಿಯುತ್ತಿದೆಯೇ? ಒಂದು ಗಂಟೆ ನಿದ್ದೆ ಮಾಡುತ್ತಿದೆಯೇ? ಎತ್ತಿ ಸಂತೈಸಿದರೆ ಹತ್ತು ನಿಮಿಷದಲ್ಲಿ ಸಮಾಧಾನವಾಗುತ್ತದೆಯೇ? ಮೊದಲ ಮದ್ದು ತಾಯಿಯೇ: ಮಂದ ಬೆಳಕಿನ ಸದ್ದಿಲ್ಲದ ಕೋಣೆ, ಮೈಗೆ ಮೈ ತಾಗಿಸಿದ ಅಪ್ಪುಗೆ, ಎದೆಹಾಲು. ಬಾಣಂತಿ ಕೋಣೆ ಕಂಡವರಿಗೆ ಇದು ಅಪರಿಚಿತವೆನಿಸದು. 2023ರಲ್ಲಿ ಈ ವಿಧಾನವನ್ನು ಅಮೆರಿಕದ 26 ಆಸ್ಪತ್ರೆಗಳಲ್ಲಿ ಹಳೆಯದರೊಡನೆ ಹೋಲಿಸಿದ ಪರೀಕ್ಷೆಯ ಫಲಿತಾಂಶ ಬಂತು. ಕೂಸು ಮನೆಗೆ ಹೋಗಲು ಸಿದ್ಧವಾಗಲು ಬೇಕಾದ ಸಮಯ ಸರಾಸರಿ 14.9 ದಿನದಿಂದ 8.2 ದಿನಕ್ಕೆ ಇಳಿದಿತ್ತು. ಔಷಧಿ ಬೇಕಾದ ಕೂಸುಗಳ ಪ್ರಮಾಣ ಶೇ. 52ರಿಂದ ಶೇ. 19.5ಕ್ಕೆ ಇಳಿದಿತ್ತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ವಾರ್ಡ್ ಇದೆ. ಹೆರಿಗೆಯ ನಂತರ ತೀವ್ರ ಮನೋರೋಗಕ್ಕೆ ತುತ್ತಾದವರನ್ನು ಅಲ್ಲಿ ಕೂಸಿನ ಜೊತೆಗೇ ದಾಖಲು ಮಾಡಿಕೊಳ್ಳುತ್ತಾರೆ. ವ್ಯಸನಮುಕ್ತಿ ಕೇಂದ್ರಗಳಲ್ಲೂ ಹೀಗೆ ಮಗುವಿನೊಡನೆ ಬರುವ ಹೆಂಗಸಿಗೆ ಹಾಸಿಗೆ ಸಿಗಬೇಕು. ಮನೋವೈದ್ಯರೂ ಮಕ್ಕಳ ವೈದ್ಯರೂ ಇಬ್ಬರನ್ನೂ ಒಟ್ಟಿಗೆ ನೋಡಬೇಕು. ಅದೂ ಹೆರಿಗೆಯಾದ ಮೊದಲ ವಾರಗಳಲ್ಲೇ.