ಗೋಲು ಬಿದ್ದಾಗ ಮೊಳಗುವ ಹಡಗಿನ ಕೊಂಬು

ತಿಪಟೂರು ಸೀಮೆಯವರಿಗೆ ಗಾಳಿ ಹಾರ್ನಿನ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ. ಬೆಂಗಳೂರು ಬಿಟ್ಟ ರೈಲು ಬಾಣಸಂದ್ರ, ಅರಳಗುಪ್ಪೆ, ಕರಡಿ ದಾಟಿ ತಿಪಟೂರಿಗೆ ಬರುವಷ್ಟರಲ್ಲಿ ಎಷ್ಟು ತೋಟಗಳ ನಡುವೆ ಕೂಗಿರುತ್ತದೋ ಲೆಕ್ಕವಿಲ್ಲ. ಹಳಿಯ ಪಕ್ಕದ ಹಳದಿ ಫಲಕ ಕಂಡೊಡನೆ ಚಾಲಕ ಉದ್ದನೆಯ ಹಾರ್ನ್ ಹಾಕಲೇಬೇಕು. ಮುಂದೆ ಗೇಟಿದೆ, ದನ ಹೊಡೆದುಕೊಂಡು ಬರುವವರು, ಕಾಯಿ ಹೇರಿದ ಟ್ರ್ಯಾಕ್ಟರಿನವರು ಹುಷಾರಾಗಬೇಕು. ಎಂಜಿನ್ನಿನ ಟ್ಯಾಂಕಿನಲ್ಲಿ ಒತ್ತಡದಲ್ಲಿ ತುಂಬಿಟ್ಟ ಗಾಳಿ ಒಂದು ಕೀರಲು, ಒಂದು ಗಡಸು ಕಹಳೆಯ ಮೂಲಕ ಹೊರನುಗ್ಗಿದಾಗ ಹುಟ್ಟುವ ಸದ್ದು ಅದು.

ಅದೇ ಬಗೆಯ ಹಾರ್ನನ್ನು ಹದಿನೆಂಟು ಇಪ್ಪತ್ತು ಸಾವಿರ ಜನ ಕೂತ, ಸೂರಿರುವ ಕ್ರೀಡಾಂಗಣದೊಳಗೆ ತಂದು ನೇತುಹಾಕಿದರೆ ಏನಾದೀತು? ಅಮೆರಿಕ, ಕೆನಡಾಗಳ ಐಸ್ ಹಾಕಿ ಅಂಗಳಗಳಲ್ಲಿ ಐವತ್ತು ವರ್ಷದಿಂದ ಆಗುತ್ತಿರುವುದು ಇದೇ. ಅಲ್ಲಿ ಹಾರ್ನು ಯಾರಿಗೂ ದಾರಿ ಬಿಡಿ ಎನ್ನುವುದಿಲ್ಲ. ನಮ್ಮವರು ಗೋಲು ಹೊಡೆದರು ಎನ್ನುತ್ತದೆ, ಅಷ್ಟೇ.

ಐಸ್ ಹಾಕಿ ನಮ್ಮ ಕಡೆ ಆಡುವ ಆಟವಲ್ಲ. ಭಾರತದಲ್ಲಿ ಅದರ ಮನೆ ಲಡಾಖ್. ಚಳಿಗಾಲದಲ್ಲಿ ಅಲ್ಲಿನ ನೀರು ಹೆಪ್ಪುಗಟ್ಟಿದ ಮೇಲೆ ಹುಡುಗರು, ಹುಡುಗಿಯರು ಸ್ಕೇಟ್ ಕಟ್ಟಿಕೊಂಡು ಇಳಿಯುತ್ತಾರೆ. ವೃತ್ತಿಪರ ಆಟದ ತವರು ಮಾತ್ರ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಜನ. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಅವಧಿ. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ: ಮೂರು ಅಂಗುಲ ಅಡ್ಡಳತೆ, ಒಂದು ಅಂಗುಲ ದಪ್ಪ, ತೂಕ 170 ಗ್ರಾಂ ಮೀರುವಂತಿಲ್ಲ. ಪುಟಿಯದಿರಲೆಂದು ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಟ್ಟು ಗಡುಸು ಮಾಡುತ್ತಾರೆ.

ಹಾರ್ನಿನ ಅಗತ್ಯ ಹುಟ್ಟುವುದು ಈ ಬಿಲ್ಲೆಯಿಂದಲೇ. ಬಲವಾಗಿ ಹೊಡೆದರೆ ಅದು ಗಂಟೆಗೆ 150 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೋಗುತ್ತದೆ. ಗೋಲಿನ ಮುಂದೆ ಐದಾರು ಜನ ದಾಂಡಿಗರು ಮುಗಿಬಿದ್ದಿರುತ್ತಾರೆ. ಮೇಲಿನ ಸಾಲಿನ ಪ್ರೇಕ್ಷಕನಿಗೆ ಬಿಲ್ಲೆ ಗೆರೆ ದಾಟಿತೋ, ಗೋಲ್‌ಕೀಪರನ ಕಾಲುಪಟ್ಟಿಗೆ ಸಿಕ್ಕಿಕೊಂಡಿತೋ ಕಾಣುವುದೇ ಇಲ್ಲ. ಅದಕ್ಕೇ ಗೋಲಿನ ಹಿಂದೆ ಕೆಂಪು ದೀಪ ಇಟ್ಟರು. ಜೊತೆಗೆ ಒಂದು ಹಸಿರು ದೀಪವೂ ಇದೆ. ಅದು ಗಡಿಯಾರಕ್ಕೆ ಹೊಂದಿಕೊಂಡಿದ್ದು, ಅವಧಿ ಮುಗಿದ ಕ್ಷಣ ಹತ್ತುತ್ತದೆ. ಹಸಿರು ಹತ್ತಿತೆಂದರೆ ಕೆಂಪು ಹತ್ತಲಾರದು. ಕೊನೆಯ ಗಳಿಗೆಯ ಗೋಲಿನ ಜಗಳ ಹೀಗೆ ತಂತಿಯಲ್ಲೇ ಇತ್ಯರ್ಥ. ಆದರೆ ದೀಪವನ್ನೂ ನೋಡದೆ ಆಟಗಾರನನ್ನೇ ನೋಡುತ್ತ ಕೂತವರಿಗೆ? ಕಣ್ಣು ತಪ್ಪಿಸಿಕೊಂಡದ್ದನ್ನು ಕಿವಿ ಹಿಡಿಯಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಒಡೆಯದೆ, ಬರೀ ಕುಲುಕಿ ನೋಡಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುವ ಸೀಮೆಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಕಥೆ ಶುರುವಾಗುವುದು ಶಿಕಾಗೋದಲ್ಲಿ. ಕನ್ನಡಿಗರಿಗೆ ಅದು 1893ರಲ್ಲಿ ವಿವೇಕಾನಂದರು ಮಾತಾಡಿದ ಊರು. ಈಚಿನವರಿಗೆ 2008ರ ಅಕ್ಕ ಸಮ್ಮೇಳನದ ಊರು. ಅಲ್ಲಿನ ಹಾಕಿ ತಂಡ ಬ್ಲ್ಯಾಕ್‌ಹಾಕ್ಸ್. 1970ರ ದಶಕದಲ್ಲಿ ಅದನ್ನು ನಡೆಸುತ್ತಿದ್ದ ಬಿಲ್ ವಿರ್ಟ್ಜ್ ದೊಡ್ಡ ಕುಳ; ಅವರಿಗೊಂದು ವಿಹಾರ ನೌಕೆಯಿತ್ತು. ಆ ನೌಕೆಯ ಹಾರ್ನಿನ ದನಿ ಅವರಿಗೆ ಬಲು ಇಷ್ಟ. ಅಂಥದೇ ಹಾರ್ನನ್ನು ತಂದು ತಮ್ಮ ಕ್ರೀಡಾಂಗಣದಲ್ಲಿ ಕೂರಿಸಿ, ಲೀಗಿನ ಪಟ್ಟವಾದ ಸ್ಟ್ಯಾನ್ಲಿ ಕಪ್ಪಿನ 1973ರ ಫೈನಲ್ ಹೊತ್ತಿಗೆ ಗೋಲು ಬಿದ್ದಾಗಲೆಲ್ಲ ಊದಿಸಿದರು. ಗೋಲ್ ಹಾರ್ನಿನ ಹುಟ್ಟನ್ನು ಎಲ್ಲರೂ ಅಲ್ಲಿಂದಲೇ ಎಣಿಸುತ್ತಾರೆ.

ಆ ಕ್ರೀಡಾಂಗಣವೂ ಸದ್ದಿಗೇ ಹೆಸರಾದದ್ದು. ಶಿಕಾಗೋ ಸ್ಟೇಡಿಯಮ್ಮಿನಲ್ಲಿ 3,600ಕ್ಕೂ ಹೆಚ್ಚು ಕೊಳವೆಗಳ ಒಂದು ಬೃಹತ್ ಆರ್ಗನ್ ಇತ್ತು. ಅದರ ಮೇಲೆ ಈ ಹಡಗಿನ ಕೂಗು ಬೇರೆ! ಇಷ್ಟಾದರೂ ಹಾರ್ನು ಆ ವರ್ಷ ಅದೃಷ್ಟ ತರಲಿಲ್ಲ. ಎದುರಾಳಿ ಮಾಂಟ್ರಿಯಲ್ ಕೆನೇಡಿಯನ್ಸ್. ಶಿಕಾಗೋದಲ್ಲೇ ನಡೆದ ಮೂರನೆಯ ಪಂದ್ಯವನ್ನು ಬ್ಲ್ಯಾಕ್‌ಹಾಕ್ಸ್ 7-4ರಿಂದ ಗೆದ್ದಿತು. ನಾಲ್ಕನೆಯದರಲ್ಲಿ ಒಂದೂ ಗೋಲಿಲ್ಲದೆ 0-4ರಿಂದ ಸೋತಿತು. ಆರನೆಯ ಪಂದ್ಯ ಮುಗಿದಾಗ ಕಪ್ ಮಾಂಟ್ರಿಯಲ್ಲಿಗೆ ಹೋಗಿತ್ತು. ಕಪ್ ಹೋಯಿತು, ಹಾರ್ನು ಉಳಿಯಿತು. ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಬೇರೆ ತಂಡಗಳೂ ಹಾರ್ನು ತರಿಸಿಕೊಂಡವು.

ಶಿಕಾಗೋದ ಹಾರ್ನು ಮಾಡಿದ್ದು ಕಾಲೆನ್‌ಬರ್ಗ್ ಕಂಪನಿ. ಮಿಶಿಗನ್ ಸರೋವರದ ದಂಡೆಯ ಟೂ ರಿವರ್ಸ್ ಎಂಬ ಸಣ್ಣ ಊರಿನಲ್ಲಿ 1895ರಲ್ಲಿ ಅಣ್ಣತಮ್ಮಂದಿರು ಕಟ್ಟಿದ ಕಾರ್ಖಾನೆ ಅದು. ಮೀನುಗಾರರ ದೋಣಿಗಳಿಗೆ ಎಂಜಿನ್ ಮಾಡಿಕೊಡುತ್ತಿದ್ದವರು ಹಡಗಿನ ಹಾರ್ನಿಗೂ ಕೈಹಾಕಿದರು. ಮಂಜು ಮುಸುಕಿದ ನೀರಿನ ಮೇಲೆ ಹಾರ್ನೆಂದರೆ ಹಡಗಿನ ಪ್ರಾಣ. ಎಷ್ಟು ದೊಡ್ಡ ಹಡಗಿಗೆ ಎಂಥ ದನಿ ಎಂಬುದಕ್ಕೂ 1972ರ ಅಂತರರಾಷ್ಟ್ರೀಯ ನೌಕಾ ನಿಯಮಗಳಲ್ಲಿ ಕಟ್ಟಳೆಯಿದೆ: 200 ಮೀಟರ್ ಅಥವಾ ಅದಕ್ಕೂ ಉದ್ದದ ಹಡಗಿನ ಮೂಲ ಸ್ವರ 70ರಿಂದ 200 ಹರ್ಟ್ಸ್ ಒಳಗೆ, 75 ಮೀಟರಿಗಿಂತ ಚಿಕ್ಕದಾದರೆ 250ರಿಂದ 700ರ ನಡುವೆ. ಕಣ್ಣಿಗೆ ಕಾಣದಿದ್ದರೂ ಬರುತ್ತಿರುವುದು ಆನೆಯೋ ಆಡೋ ಎಂದು ದನಿಯಿಂದಲೇ ತಿಳಿಯಲೆಂದು.

ಒಳಗಿನ ಕೆಲಸ ಕಷ್ಟದ್ದಲ್ಲ. ಕಹಳೆಯ ಬುಡದಲ್ಲಿ ಲೋಹದ ತೆಳು ಬಿಲ್ಲೆಯೊಂದು ಗಾಳಿಯ ಬಾಯಿಗೆ ಒತ್ತಿ ಕೂತಿರುತ್ತದೆ. ಒತ್ತಡದ ಗಾಳಿ ಬಂದು ತಳ್ಳಿದಾಗ ಅದು ಸರಿಯುತ್ತದೆ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಬಿಲ್ಲೆ ಮತ್ತೆ ಬಂದು ಮುಚ್ಚುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದೇ ನಾದ. ಕಹಳೆ ಉದ್ದವಾದಷ್ಟೂ ದನಿ ತಗ್ಗು. ಕೆಂಪಮ್ಮನ ಜಾತ್ರೆಯಲ್ಲೋ ಇನ್ನಾವುದೋ ಊರಹಬ್ಬದಲ್ಲೋ ಕೊಂಬು ಊದುವವರ ತುಟಿ ಮಾಡುವ ಕೆಲಸವನ್ನೇ ಇಲ್ಲಿ ಲೋಹದ ಬಿಲ್ಲೆ ಮಾಡುತ್ತದೆ. ಪುಪ್ಪುಸದ ಬದಲು ಕಂಪ್ರೆಸರ್ ಇದೆ. ಇವೆರಡರ ಜಾತಕವೂ ಒಂದೇ ಎನ್ನಬಹುದು. ದಂಡು ಬಂತು ಎಂದು ಕೂಗುತ್ತಿದ್ದ ರಣಗಹಳೆ ಕಾಲಾನಂತರ ದೇವರು ಗುಡಿಯಿಂದ ಹೊರಟಾಗ, ತೇರಿನ ಗಾಲಿ ಅಲುಗಿದಾಗ ಊದುವ ವಾದ್ಯವಾಯಿತು. ಅಪಾಯ ಸಾರುತ್ತಿದ್ದ ಹಡಗಿನ ಹಾರ್ನು ಗೋಲು ಸಾರತೊಡಗಿತು.

ರೈಲಿನ ಹಾರ್ನನ್ನೇ ಇಟ್ಟುಕೊಂಡ ಕ್ರೀಡಾಂಗಣಗಳೂ ಇವೆ. ಅವುಗಳ ಹಿಂದೆ ಇರುವ ದೊಡ್ಡ ಹೆಸರು ಕೆನಡಾದ ರಾಬರ್ಟ್ ಸ್ವಾನ್ಸನ್. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರೈಲ್ವೆ ತಪಾಸಣಾಧಿಕಾರಿಯಾಗಿದ್ದ ಈತ ಮರ ಕಡಿಯುವವರ ಬದುಕಿನ ಮೇಲೆ ಪದ್ಯ ಬರೆದು ಹೆಸರಾದ ಕವಿಯೂ ಹೌದು. ಕಿವಿ ಸೂಕ್ಷ್ಮವಾಗಿದ್ದದ್ದು ಆಶ್ಚರ್ಯವಲ್ಲ. ಉಗಿ ಎಂಜಿನ್ ಹೋಗಿ ಡೀಸೆಲ್ ಬಂದಾಗ ಒಂದು ತೊಂದರೆ ಎದುರಾಯಿತು. ಡೀಸೆಲ್ ಎಂಜಿನ್ನಿನ ಒಂಟಿ ಸ್ವರದ ಹಾರ್ನು ಲಾರಿಯ ಹಾರ್ನಿನಂತೆಯೇ ಕೇಳಿ, ಗೇಟು ದಾಟುವವರು ಎಚ್ಚರ ತಪ್ಪಿದರು. ಮೀಟರ್ ಗೇಜ್ ಕಾಲದ ಉಗಿಬಂಡಿಯ ಕೂಗು ನೆನಪಿರುವ ನಮ್ಮ ಹಿರಿಯರಿಗೆ ಆ ವ್ಯತ್ಯಾಸ ಗೊತ್ತು. ಹಲವು ಸ್ವರ ಒಟ್ಟಿಗೆ ನುಡಿಸಿ ಉಗಿಬಂಡಿಯ ಕೂಗಿಗೆ ಹತ್ತಿರವಾಗುವ ಹಾರ್ನನ್ನು ಸ್ವಾನ್ಸನ್ ರೂಪಿಸಿದರು. ಅದೇ ಇಂದಿನ ನೇಥನ್ ಏರ್‌ಚೈಮ್ ಹಾರ್ನುಗಳ ಮೂಲ.

ಇವುಗಳಲ್ಲಿ ಹೆಸರುವಾಸಿಯಾದದ್ದು ಕೆ5ಎಲ್‌ಎ, ಅಮೆರಿಕದ ಪ್ಯಾಸೆಂಜರ್ ರೈಲುಗಳಿಗೆಂದು ಶ್ರುತಿ ಮಾಡಿದ ಐದು ಕಹಳೆಗಳ ಗೊಂಚಲು. ಪಾಶ್ಚಾತ್ಯರು ಅದನ್ನು ಬಿ ಮೇಜರ್ ಸಿಕ್ಸ್ತ್ ಎನ್ನುತ್ತಾರೆ. ಬಿ ಸ್ವರವನ್ನು ಷಡ್ಜವಾಗಿ ಹಿಡಿದು ನಮ್ಮ ಲೆಕ್ಕಕ್ಕೆ ಇಳಿಸಿದರೆ ಕೆಳಗಿನಿಂದ ಗ, ಪ, ದ, ಸ, ಮತ್ತೆ ಮೇಲಿನ ಗ. ಮೋಹನ ರಾಗದಿಂದ ರಿಷಭವೊಂದನ್ನು ತೆಗೆದಿಟ್ಟರೆ ಉಳಿಯುವುದು ಇಷ್ಟೇ! ಕೆ5ಎಲ್‌ಎ ಕಿವಿಗೆ ಕರ್ಕಶವಾಗದೆ ಒಂದು ಬಗೆಯ ಗಾಂಭೀರ್ಯದಿಂದ ಕೇಳುವುದರ ಗುಟ್ಟು ಇಲ್ಲಿದೆ. ಅದೇ ಸ್ವಾನ್ಸನ್ 1967ರಲ್ಲಿ, ಕೆನಡಾ ಒಕ್ಕೂಟದ ಶತಮಾನೋತ್ಸವಕ್ಕೆ, ವ್ಯಾಂಕೂವರ್ ನಗರಕ್ಕೊಂದು ಹಾರ್ನಿನ ತಂಡವನ್ನೇ ಮಾಡಿಕೊಟ್ಟರು. ಅದು ಇಂದಿಗೂ ದಿನಾ ಮಟಮಟ ಮಧ್ಯಾಹ್ನ ಆ ದೇಶದ ರಾಷ್ಟ್ರಗೀತೆಯ ಮೊದಲ ನಾಲ್ಕು ಸ್ವರಗಳನ್ನು ಊದುತ್ತದೆ.

ಇನ್ನು ಹಾರ್ನಿನ ಶಿಷ್ಟಾಚಾರ. ಅವಧಿ ಮುಗಿದಾಗಲೂ ಅದು ಕೂಗುವುದುಂಟು, ಆದರೆ ಗೋಲಿಗೆ ಕೂಗುವುದು ಊರಿನ ತಂಡದ್ದಾದರೆ ಮಾತ್ರ. ಹೊರಗಿನವರು ಗೋಲು ಹೊಡೆದರೆ ಕೆಂಪು ದೀಪ ಹತ್ತುತ್ತದೆ, ಹಾರ್ನು ಬಾಯಿ ಬಿಡುವುದಿಲ್ಲ. ಅಂಕ ತಿಳಿಸುವುದೇ ಉದ್ದೇಶವಾಗಿದ್ದರೆ ಎರಡೂ ಕಡೆಗೆ ಊದಬೇಕಿತ್ತಲ್ಲವೇ? ಹಾಗಾಗಿ ಇದು ಸುದ್ದಿಯ ಸಾಧನಕ್ಕಿಂತ ಪಕ್ಷಪಾತದ ಸಾಧನ, ಅದೂ ಯಾರೂ ಬೇಸರಪಡದ ಪಕ್ಷಪಾತ. ಎದುರಾಳಿಯ ಅಂಗಳದಲ್ಲಿ ಗೋಲು ಹೊಡೆದು ಆ ಇಪ್ಪತ್ತು ಸಾವಿರ ಜನರ ಮೌನ ಕೇಳುವುದೇ ಒಂದು ಸುಖ ಎನ್ನುವ ಆಟಗಾರರೂ ಇದ್ದಾರು. 2020ರ ಆಗಸ್ಟಿನಲ್ಲಿ, ಕೋವಿಡ್ ಕಾಲದ ಪಂದ್ಯಗಳು ಟೊರೊಂಟೊ ಮತ್ತು ಎಡ್ಮಂಟನ್ ನಗರಗಳಲ್ಲಿ ಪ್ರೇಕ್ಷಕರೇ ಇಲ್ಲದೆ ನಡೆದಾಗಲೂ ತಂಡಗಳ ಹಾರ್ನು, ಹಾಡುಗಳನ್ನು ಖಾಲಿ ಕುರ್ಚಿಗಳ ನಡುವೆ ಮೊಳಗಿಸಿದರು. ಅದಕ್ಕೂ ಮುಂಚೆ, 2013ರಲ್ಲಿ, ಬಡ್‌ವೈಸರ್ ಬಿಯರ್ ಕಂಪನಿ ಕೆನಡಾದಲ್ಲಿ ಮನೆಯ ಗೋಡೆಗೆ ಹಾಕುವ ಕೆಂಪು ದೀಪವನ್ನೇ ಮಾರಿತು. ನೆಚ್ಚಿನ ತಂಡ ಎಲ್ಲೋ ಗೋಲು ಹೊಡೆದರೆ ವೈಫೈ ಮೂಲಕ ದೀಪ ತಿರುಗಿ ನಡುಮನೆಯಲ್ಲಿ ಹಾರ್ನು ಕೂಗುತ್ತದೆ. ಮಲಗಿದ ಮಗುವಿನ ಗತಿ ಏನು ಎಂದು ಯಾವ ತಾಯಿಯಾದರೂ ಕೇಳಿರಬೇಕು.

ಕೇಳಬೇಕಾದ ಪ್ರಶ್ನೆಯೇ. 2006ರ ಸ್ಟ್ಯಾನ್ಲಿ ಕಪ್ ಫೈನಲ್ ವೇಳೆ ಎಡ್ಮಂಟನ್ನಿನಲ್ಲಿ ಸಂಶೋಧಕರು ಪ್ರೇಕ್ಷಕರ ಕಿವಿಯ ಬಳಿ ಅಳತೆ ಮಾಡಿದಾಗ ಪಂದ್ಯದ ಸರಾಸರಿ ಸದ್ದೇ 100 ಡೆಸಿಬಲ್ ದಾಟಿತ್ತು. ನಮ್ಮ ದೇಶದ ನಿಯಮದಂತೆ ಜನವಸತಿಯಲ್ಲಿ ಹಗಲಿನ ಮಿತಿ 55. ತಪ್ಪೆಲ್ಲ ಹಾರ್ನಿನದೇ ಅಲ್ಲ, ಜನರ ಕೂಗಾಟದ ಪಾಲೂ ಇದೆ. ಆದರೆ ಕೂಗಾಟಕ್ಕೆ ಚಾಲನೆ ಕೊಡುವುದು ಅದೇ. ಬಯಲಿನಲ್ಲಿ ಒಂದೆರಡು ಮೈಲಿ ಕೇಳಬೇಕೆಂದು ಮಾಡಿದ ವಸ್ತುವನ್ನು ನಾಲ್ಕು ಗೋಡೆಯೊಳಗೆ ಊದುವುದು ಅಷ್ಟೇನೂ ವಿವೇಕದ ಕೆಲಸವಲ್ಲ. ಮಕ್ಕಳನ್ನು ಕರೆದೊಯ್ಯುವವರು ಅವರ ಕಿವಿಗೆ ಮುಚ್ಚಳ ತೊಡಿಸುವುದು ಒಳ್ಳೆಯದು.

ಹಾರ್ನಿನ ಬೆನ್ನಿಗೆ ಹಾಡು ಬರುತ್ತದೆ. ಶಿಕಾಗೋದಲ್ಲಿ 2008ರಿಂದೀಚೆಗೆ ದಿ ಫ್ರಾಟೆಲಿಸ್ ಎಂಬ ಸ್ಕಾಟ್ಲೆಂಡಿನ ವಾದ್ಯವೃಂದದ ‘ಚೆಲ್ಸಿ ಡ್ಯಾಗರ್’ ಎಂಬ ಹಾಡು. ಪದ ಬಾರದವರೂ ರಾಗವನ್ನು ಒಟ್ಟಾಗಿ ಕಿರುಚುತ್ತಾರೆ. ಹಾರ್ಟ್‌ಫರ್ಡ್ ಊರಿನ ವೇಲರ್ಸ್ ತಂಡಕ್ಕೆ ‘ಬ್ರಾಸ್ ಬೊನಾಂಜಾ’ ಎಂಬ ತುತ್ತೂರಿ ವಾದನವೇ ಗುರುತಾಗಿತ್ತು. 1997ರಲ್ಲಿ ಆ ತಂಡ ಕ್ಯಾರೊಲಿನಾಕ್ಕೆ ಗುಳೆ ಹೋಗಿ ಹರಿಕೇನ್ಸ್ ಆಯಿತು. ಚಂಡಮಾರುತದ ಹೆಸರಿಗೆ ತಕ್ಕಂತೆ ಈಗ ಅಲ್ಲಿ ಅತಿಥಿಯೊಬ್ಬರು ಆಟಕ್ಕೆ ಮುಂಚೆ ಕೈಯಿಂದ ತಿರುವುವ ಸೈರನ್ ಮೊಳಗಿಸುತ್ತಾರೆ. ಟ್ಯಾಂಪಾ ಬೇ ಲೈಟ್ನಿಂಗ್ ತಂಡದ ಅಂಗಳದ ಸೂರಿನಲ್ಲಿ ನಿಜವಾದ ವಿದ್ಯುತ್ ಕಿಡಿ ಹಾರಿಸುವ ಟೆಸ್ಲಾ ಕಾಯಿಲ್‌ಗಳಿವೆ.

ಎಲ್ಲರನ್ನೂ ಮೀರಿಸಿದ್ದು ಕೊಲಂಬಸ್ ಊರಿನ ಬ್ಲೂ ಜಾಕೆಟ್ಸ್. ಅಮೆರಿಕದ ಅಂತರ್ಯುದ್ಧದ ನೆನಪಿನಲ್ಲಿ ಹೆಸರಿಟ್ಟುಕೊಂಡ ಈ ತಂಡ 2007ರಲ್ಲಿ ಒಂದು ಫಿರಂಗಿಯನ್ನೇ ಒಳಗೆ ತಂದು ಕೂರಿಸಿತು. 1857ರ ಮಾದರಿಯ ತೋಪಿನ ಪ್ರತಿರೂಪ ಅದು. ಗುಂಡಿಲ್ಲ, ಬರೀ ಮದ್ದು. ಮೈಸೂರು ದಸರೆಯ ಕುಶಾಲತೋಪು ವರ್ಷಕ್ಕೊಮ್ಮೆ ಇಪ್ಪತ್ತೊಂದು ಸಲ ಹಾರಿದರೆ, ಇಲ್ಲಿ ಗೋಲಿಗೊಂದರಂತೆ ಋತುವಿಡೀ ಹಾರುತ್ತದೆ. ಹೊಸದಾಗಿ ಬಂದ ಎದುರಾಳಿ ಆಟಗಾರರು ಬೆಚ್ಚಿಬೀಳುವುದನ್ನು ನೋಡಲೆಂದೇ ಜನ ಕಾದಿರುತ್ತಾರೆ.

ಹಾರ್ನು, ತೋಪು ಎರಡಕ್ಕೂ ಈಚೆಗೆ ಒಂದು ಪೀಕಲಾಟ ಗಂಟುಬಿದ್ದಿದೆ. 2015-16ರ ಋತುವಿನಿಂದ ಕೋಚ್‌ಗಳು ಗೋಲನ್ನು ಪ್ರಶ್ನಿಸಿ ವಿಡಿಯೊ ಪರಿಶೀಲನೆ ಕೇಳಬಹುದು. ಹಾರ್ನು ಕೂಗಿ, ಹಾಡು ಮುಗಿದು, ಜನ ಅಪ್ಪಿಕೊಂಡಾದ ಮೇಲೆ ರೆಫರಿ ಬಂದು ಅರ್ಧ ನಿಮಿಷದ ಹಿಂದೆ ಆಫ್‌ಸೈಡ್ ಆಗಿತ್ತು, ಗೋಲಿಲ್ಲ ಎನ್ನುತ್ತಾನೆ. ಅಂಕಫಲಕದ ಅಂಕೆಯನ್ನೇನೋ ಇಳಿಸುತ್ತಾರೆ, ಗಡಿಯಾರವನ್ನೂ ಹಿಂದಕ್ಕೆ ತಿರುಗಿಸುತ್ತಾರೆ. ಕೊಲಂಬಸ್ಸಿನಲ್ಲಿ ಹಾರಿಹೋದ ಮದ್ದನ್ನು ತೋಪಿಗೆ ವಾಪಸ್ ತುಂಬುವ ನಿಯಮ ಮಾತ್ರ ಇನ್ನೂ ಬಂದಿಲ್ಲ.