ಕೆನಡಾ ವ್ಯಾಸಂಗ: ಪ್ರವೇಶ ಪತ್ರವೊಂದೇ ಸಾಲದು

ಕೆನಡಾದ ಕಾಲೇಜು ಅಥವಾ ವಿಶ್ವವಿದ್ಯಾಲಯದಿಂದ ಪ್ರವೇಶ ಪತ್ರ ಬಂದೊಡನೆ ವಿಮಾನದ ಟಿಕೆಟ್ ವಿಚಾರಿಸಲು ತೊಡಗುವ ಕುಟುಂಬಗಳು ಅನೇಕ. ಆದರೆ ಪ್ರವೇಶ ನೀಡುವುದು ಶಿಕ್ಷಣ ಸಂಸ್ಥೆ. ಅಲ್ಲಿ ನೆಲೆಸಿ ಓದಲು ಅನುಮತಿ ನೀಡುವುದು ಆ ದೇಶದ ಫೆಡರಲ್ ಸರ್ಕಾರದ ವಲಸೆ ಇಲಾಖೆ. ಮೊದಲನೆಯದು ದೊರೆತ ಮಾತ್ರಕ್ಕೆ ಎರಡನೆಯದು ದೊರೆಯುತ್ತದೆ ಎಂಬ ಖಾತ್ರಿಯಿಲ್ಲ. 2023ರ ಕೊನೆಯಿಂದೀಚೆಗೆ ನಿಯಮಗಳು ಒಂದರ ಮೇಲೊಂದರಂತೆ ಬಿಗಿಯಾಗಿರುವುದರಿಂದ ಈ ವ್ಯತ್ಯಾಸವನ್ನು ಅರಿಯುವುದು ಅತ್ಯಗತ್ಯವಾಗಿದೆ.

ಪರ್ಮಿಟ್ ಬೇರೆ, ವೀಸಾ ಬೇರೆ

ಆರು ತಿಂಗಳಿಗಿಂತ ದೀರ್ಘವಾದ ಕೋರ್ಸ್‌ಗೆ ಸಾಮಾನ್ಯವಾಗಿ ಸ್ಟಡಿ ಪರ್ಮಿಟ್ ಕಡ್ಡಾಯ. ವೀಸಾ ಎಂಬುದು ಕೆನಡಾದ ಗಡಿಯವರೆಗೆ ಪ್ರಯಾಣಿಸಲು ಬೇಕಾದ ದಾಖಲೆ. ಪರ್ಮಿಟ್ ಎಂಬುದು ಅಲ್ಲಿದ್ದು ಓದಲು ಬೇಕಾದ ದಾಖಲೆ. ಭಾರತದಿಂದ ಸಲ್ಲಿಸಿದ ಅರ್ಜಿ ಮಂಜೂರಾದಾಗ ವಿದ್ಯಾರ್ಥಿಗೆ ತಲುಪುವುದು ಪರಿಚಯ ಪತ್ರ ಮತ್ತು ಪಾಸ್‌ಪೋರ್ಟ್‌ನಲ್ಲಿನ ವೀಸಾ ಮಾತ್ರ. ಪರ್ಮಿಟ್ ದೊರೆಯುವುದು ಕೆನಡಾದಲ್ಲಿ ಇಳಿದ ನಂತರ, ಗಡಿ ಅಧಿಕಾರಿಯ ತಪಾಸಣೆ ಮುಗಿದ ಮೇಲೆ. ಆದ್ದರಿಂದ ಮೂಲ ದಾಖಲೆಗಳ ಪ್ರತಿಗಳು ಕೈಚೀಲದಲ್ಲೇ ಇರಬೇಕು.

ನಿಯಮ ಬಿಗಿಯಾದದ್ದೇಕೆ?

ನಕಲಿ ಪ್ರವೇಶ ಪತ್ರಗಳ ಪ್ರಕರಣ 2023ರಲ್ಲಿ ಬೆಳಕಿಗೆ ಬಂದಿತು. ಪಂಜಾಬ್‌ನಿಂದ ತೆರಳಿದ್ದ ಅನೇಕ ವಿದ್ಯಾರ್ಥಿಗಳು, ಏಜೆಂಟರು ಕೊಟ್ಟ ಪತ್ರ ನಕಲಿ ಎಂದು ವರ್ಷಗಳ ಬಳಿಕ ತಿಳಿದು ಗಡೀಪಾರಿನ ಭೀತಿ ಎದುರಿಸಿದರು. ಇದರ ಫಲವಾಗಿ 2023ರ ಡಿಸೆಂಬರ್ 1ರಿಂದ ಪ್ರತಿಯೊಂದು ಪ್ರವೇಶ ಪತ್ರವನ್ನೂ ಸಂಬಂಧಿಸಿದ ಸಂಸ್ಥೆಯಿಂದಲೇ ವಲಸೆ ಇಲಾಖೆ ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಜಾರಿಗೆ ಬಂದಿತು.

ವಸತಿ ಹಾಗೂ ಆರೋಗ್ಯ ಸೇವೆಗಳ ಮೇಲಿನ ಒತ್ತಡವನ್ನು ಕಾರಣವಾಗಿ ನೀಡಿ, 2024ರ ಜನವರಿಯಲ್ಲಿ ಸರ್ಕಾರ ಪರ್ಮಿಟ್‌ಗಳ ಸಂಖ್ಯೆಗೇ ಮಿತಿ ಹೇರಿತು. ಆ ವರ್ಷದ ಮಿತಿ ಸುಮಾರು 3.6 ಲಕ್ಷ, ಅಂದರೆ 2023ಕ್ಕಿಂತ ಶೇ. 35ರಷ್ಟು ಕಡಿಮೆ. 2026ರಲ್ಲಿ ಹೊಸದಾಗಿ ಬರುವ ವಿದ್ಯಾರ್ಥಿಗಳ ಗುರಿಯನ್ನು 1.55 ಲಕ್ಷಕ್ಕೆ ಇಳಿಸಲಾಗಿದೆ. ಭಾರತೀಯರ ಅರ್ಜಿಗಳು ಶೀಘ್ರವಾಗಿ ಇತ್ಯರ್ಥವಾಗುತ್ತಿದ್ದ 'ಸ್ಟೂಡೆಂಟ್ ಡೈರೆಕ್ಟ್ ಸ್ಟ್ರೀಮ್' ಯೋಜನೆ 2024ರ ನವೆಂಬರ್ 8ರಂದು ರದ್ದಾಯಿತು. ಈಗ ಎಲ್ಲರಿಗೂ ಒಂದೇ ಸಾಲು.

ಎರಡು ಪತ್ರಗಳು

ಮೊದಲನೆಯದು ಪ್ರವೇಶ ಪತ್ರ. ಇದನ್ನು ನೀಡುವ ಸಂಸ್ಥೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಮಾನ್ಯತೆ ಪಡೆದಿರಬೇಕು. ಅಂತಹ ಸಂಸ್ಥೆಗಳನ್ನು 'ಡಿಎಲ್‌ಐ' ಎನ್ನಲಾಗುತ್ತದೆ. ಅವುಗಳ ಪಟ್ಟಿ ವಲಸೆ ಇಲಾಖೆಯ ಅಧಿಕೃತ ತಾಣದಲ್ಲಿ ಲಭ್ಯ.

ಎರಡನೆಯದು 'ಪಿಎಎಲ್' ಎಂದು ಕರೆಯಲಾಗುವ ಪ್ರಾಂತೀಯ ದೃಢೀಕರಣ ಪತ್ರ. ಈ ವಿದ್ಯಾರ್ಥಿಗೆ ತನ್ನ ಪಾಲಿನ ಮಿತಿಯಲ್ಲಿ ಸ್ಥಾನವಿದೆ ಎಂದು ಆಯಾ ಪ್ರಾಂತ್ಯ ನೀಡುವ ಖಾತರಿ ಇದು. ಅಗತ್ಯವಿದ್ದೂ ಈ ಪತ್ರವಿಲ್ಲದೆ ಸಲ್ಲಿಸಿದ ಅರ್ಜಿ ಪರಿಶೀಲನೆಯಾಗದೆ ಹಿಂತಿರುಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಂತಹ ಸಾರ್ವಜನಿಕ ಸಂಸ್ಥೆಗಳಲ್ಲಿ ಸ್ನಾತಕೋತ್ತರ ಪದವಿ ಅಥವಾ ಪಿಎಚ್.ಡಿ.ಗೆ ಸೇರುವವರಿಗೆ 2026ರ ಜನವರಿ 1ರಿಂದ ವಿನಾಯಿತಿ ದೊರೆತಿದೆ. ಡಿಪ್ಲೊಮಾ ಮತ್ತು ಪದವಿ ಕೋರ್ಸ್‌ಗಳಿಗೆ ಸೇರುವ ಬಹುತೇಕರಿಗೆ ಈ ವಿನಾಯಿತಿ ಇಲ್ಲ.

ಹಣದ ಲೆಕ್ಕ

ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಜೀವನ ವೆಚ್ಚಕ್ಕೆ ತೋರಿಸಬೇಕಾದ ಮೊತ್ತ 2023ರ ಅಂತ್ಯದವರೆಗೆ 10,000 ಕೆನಡಾ ಡಾಲರ್ ಆಗಿತ್ತು. 2024ರ ಜನವರಿಯಲ್ಲಿ ಅದು 20,635ಕ್ಕೆ, 2025ರ ಸೆಪ್ಟೆಂಬರ್ 1ರಿಂದ 22,895ಕ್ಕೆ ಏರಿತು. ಮೊದಲ ವರ್ಷದ ಬೋಧನಾ ಶುಲ್ಕ ಹಾಗೂ ಪ್ರಯಾಣ ವೆಚ್ಚ ಇದಕ್ಕೆ ಹೊರತು. ಕ್ವಿಬೆಕ್ ಪ್ರಾಂತ್ಯದ ಲೆಕ್ಕ ಪ್ರತ್ಯೇಕ. ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 24 ಗಂಟೆ ಹೊರಗೆ ದುಡಿಯಲು ಅವಕಾಶವಿದೆಯಾದರೂ, ಆ ಸಂಭಾವ್ಯ ಸಂಪಾದನೆಯನ್ನು ಅರ್ಜಿಯಲ್ಲಿ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಶಿಕ್ಷಣ ಸಾಲದ ಮಂಜೂರಾತಿ, ಕೆನಡಾದ ಬ್ಯಾಂಕ್‌ನಲ್ಲಿ ಇರಿಸಿದ ಖಾತರಿ ಠೇವಣಿ, ಕಳೆದ ನಾಲ್ಕು ತಿಂಗಳ ಬ್ಯಾಂಕ್ ವಿವರ ಮುಂತಾದವು ಪುರಾವೆಯಾಗಬಲ್ಲವು. ಮೊತ್ತದಷ್ಟೇ ಅದರ ಮೂಲವೂ ಮುಖ್ಯ. ನಿವೇಶನ ಮಾರಿ ಖಾತೆಗೆ ಹಣ ಹಾಕಿದ್ದರೆ ಕ್ರಯಪತ್ರವನ್ನು ಲಗತ್ತಿಸುವುದು ಕ್ಷೇಮ. ಕ್ರಯಪತ್ರ, ಪಹಣಿ ಮುಂತಾದ ದಾಖಲೆಗಳು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಕಡ್ಡಾಯ. ವಿದ್ಯಾರ್ಥಿಯಾಗಲೀ ಕುಟುಂಬದವರಾಗಲೀ ಮಾಡಿದ ಅನುವಾದಕ್ಕೆ ಮಾನ್ಯತೆಯಿಲ್ಲ.

ಅರ್ಜಿ ಶುಲ್ಕ 150 ಡಾಲರ್. ಬೆರಳಚ್ಚು ಮತ್ತು ಭಾವಚಿತ್ರಕ್ಕೆ 85 ಡಾಲರ್. ಬೆರಳಚ್ಚನ್ನು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲೇ ನೀಡಬಹುದು.

ಅಧಿಕಾರಿ ಕೇಳುವ ಪ್ರಶ್ನೆ

ಅನುಮತಿಯ ಅವಧಿ ಮುಗಿದೊಡನೆ ವಿದ್ಯಾರ್ಥಿ ದೇಶ ತೊರೆಯುತ್ತಾನೆ ಎಂಬುದು ಅಧಿಕಾರಿಗೆ ಮನದಟ್ಟಾಗಬೇಕು ಎನ್ನುತ್ತದೆ ಕಾನೂನು. ಮುಂದೆ ಕಾಯಂ ವಾಸಕ್ಕೆ ಅರ್ಜಿ ಹಾಕುವ ಇಚ್ಛೆಯಿದ್ದರೆ ಅದೊಂದೇ ಕಾರಣಕ್ಕೆ ಅನರ್ಹತೆಯಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ಹೀಗಾಗಿ ಅರ್ಜಿಯೊಡನೆ ಸಲ್ಲಿಸುವ ವಿವರಣಾ ಪತ್ರಕ್ಕೆ ಮಹತ್ವವಿದೆ. ಎಂಜಿನಿಯರಿಂಗ್ ಪದವಿ ಪಡೆದು ಐದಾರು ವರ್ಷ ದುಡಿದವರು ಅಲ್ಲಿ ಸಾಮಾನ್ಯ ಡಿಪ್ಲೊಮಾಕ್ಕೆ ಸೇರುವುದೇಕೆ? ಇದಕ್ಕೆ ತರ್ಕಬದ್ಧ ಉತ್ತರ ಪತ್ರದಲ್ಲಿರಬೇಕು. ಹತ್ತು ಜನರಿಗೆ ಒಂದೇ ಒಕ್ಕಣೆಯಲ್ಲಿ ಬರೆದುಕೊಟ್ಟ ಪತ್ರ ಈ ಕೆಲಸ ಮಾಡಲಾರದು.

ಹೊಣೆ ಅರ್ಜಿದಾರನದೇ

ಶುಲ್ಕ ಪಡೆದು ಕೆನಡಾ ವಲಸೆ ಸಲಹೆ ನೀಡುವ ಅಧಿಕಾರ ಅಲ್ಲಿನ ನಿಯಂತ್ರಣ ಸಂಸ್ಥೆಯ ಪರವಾನಗಿ ಹೊಂದಿದ ಸಲಹೆಗಾರರು, ಅಲ್ಲಿನ ವಕೀಲರು ಮುಂತಾದ ಕೆಲವರಿಗೆ ಮಾತ್ರ ಇದೆ. ಪರವಾನಗಿ ಇದೆಯೇ ಎಂಬುದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಪರಿಶೀಲಿಸಬಹುದು. ಅರ್ಜಿಯನ್ನು ಯಾರೇ ತುಂಬಲಿ, ಅದರಲ್ಲಿನ ಪ್ರತಿಯೊಂದು ಸಂಗತಿಗೂ ಅರ್ಜಿದಾರನೇ ಹೊಣೆ. ಸುಳ್ಳು ಮಾಹಿತಿ ಸಾಬೀತಾದಲ್ಲಿ ಐದು ವರ್ಷ ಕೆನಡಾ ಪ್ರವೇಶಕ್ಕೆ ನಿರ್ಬಂಧ ಬೀಳುತ್ತದೆ. ಆದ್ದರಿಂದ ಖಾತೆಯ ಗುಪ್ತಪದವನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದು, ಸಲ್ಲಿಸುವ ಮುನ್ನ ಪ್ರತಿ ಪುಟ ಓದುವುದು, ಪ್ರವೇಶ ಪತ್ರ ನಿಜವೇ ಎಂದು ಸಂಸ್ಥೆಗೇ ನೇರವಾಗಿ ಬರೆದು ಕೇಳುವುದು ಉಚಿತ.

ತಿರಸ್ಕೃತವಾದರೆ

ಸುಳ್ಳು ಮಾಹಿತಿಯ ಆರೋಪವಿಲ್ಲದಿದ್ದರೆ ಮತ್ತೆ ಅರ್ಜಿ ಸಲ್ಲಿಸಲು ಅಡ್ಡಿಯಿಲ್ಲ. ಆದರೆ ಕೊರತೆ ಸರಿಪಡಿಸದೆ ಹಳೆಯ ಕಾಗದಗಳನ್ನೇ ಮತ್ತೆ ಸಲ್ಲಿಸಿದರೆ ಫಲಿತಾಂಶವೂ ಹಳೆಯದೇ ಆಗುವ ಸಂಭವ ಹೆಚ್ಚು. ನಿರ್ಧಾರವೇ ತಪ್ಪೆನಿಸಿದಲ್ಲಿ, ದೇಶದ ಹೊರಗಿನಿಂದ ಸಲ್ಲಿಸಿದ ಅರ್ಜಿಗಳ ವಿಷಯದಲ್ಲಿ 60 ದಿನಗಳೊಳಗೆ ಅಲ್ಲಿನ ಫೆಡರಲ್ ನ್ಯಾಯಾಲಯದ ಮೊರೆ ಹೋಗಬಹುದು. ನ್ಯಾಯಾಲಯ ತಾನಾಗಿ ಪರ್ಮಿಟ್ ನೀಡುವುದಿಲ್ಲ. ನಿರ್ಧಾರ ಅಸಮಂಜಸವೆಂದು ಕಂಡುಬಂದರೆ ಸಾಮಾನ್ಯವಾಗಿ ಬೇರೊಬ್ಬ ಅಧಿಕಾರಿಯ ಮರುಪರಿಶೀಲನೆಗೆ ಕಳುಹಿಸುತ್ತದೆ.

ಕಟ್ಟಿದ ಬೋಧನಾ ಶುಲ್ಕ ಹಿಂತಿರುಗುವ ನಿಯಮ ಸಂಸ್ಥೆಯಿಂದ ಸಂಸ್ಥೆಗೆ ಭಿನ್ನ. ಪರ್ಮಿಟ್ ದೊರೆಯದಿದ್ದರೆ ಎಷ್ಟು ಹಣ, ಎಷ್ಟು ದಿನಗಳಲ್ಲಿ ಮರಳಿ ಬರುತ್ತದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಸಂಸ್ಥೆಯಿಂದ ಲಿಖಿತವಾಗಿ ಪಡೆಯುವುದು ಪೋಷಕರ ಹಿತದೃಷ್ಟಿಯಿಂದ ಅವಶ್ಯ.